ನಾಳೆಗೆ ಒಂದು ಚಮಚ ಹೆಪ್ಪು

ದಿನವೂ ಬರೆಯುವ ರೂಢಿ ಮತ್ತು ಬರೆಯುವ ಸಲಕರಣೆಗಳ ಬಗ್ಗೆ ಉಡುಪಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.

ಎಲ್ಲರಿಗೂ ನಮಸ್ಕಾರ.

ಶಾಲೆಯ ಮಾಷ್ಟ್ರುಗಳು, ಟೀಚರುಗಳು, ಬ್ಯಾಂಕಿನಿಂದ ನಿವೃತ್ತರಾದವರು, ಕಾಲೇಜಿಗೆ ಹೋಗುವ ಮಕ್ಕಳು ಎಲ್ಲರೂ ಇದ್ದೀರಿ. ಬರೆಯಬೇಕೆಂಬ ಆಸೆ ಇಲ್ಲದಿದ್ದರೆ ಇಂಥ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಯಾರೂ ಬರುತ್ತಿರಲಿಲ್ಲ. ಆದ್ದರಿಂದ ಯಾಕೆ ಬರೆಯಬೇಕು ಎಂಬ ಮಾತು ಬೇಡ. ದಿನಾ ಬರೆಯುವುದು ಹೇಗೆ, ಯಾವುದರಿಂದ, ಯಾವುದರ ಮೇಲೆ ಎನ್ನುವುದಕ್ಕೇ ನೇರವಾಗಿ ಬರುತ್ತೇನೆ.

ಮನೆಯಲ್ಲಿ ಮೊಸರು ದಿನಾ ಹೇಗಾಗುತ್ತದೆ? ಇದ್ದ ಮೊಸರನ್ನೆಲ್ಲ ಬಡಿಸಿ ಮುಗಿಸುವುದಿಲ್ಲ. ಒಂದು ಚಮಚ ಉಳಿಸಿ, ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಹಾಕಿ ಮುಚ್ಚಿಡುತ್ತೇವೆ. ಆ ಚಮಚವನ್ನೂ ಬಡಿಸಿಬಿಟ್ಟರೆ ಮರುದಿನ ಲೋಟ ಹಿಡಿದುಕೊಂಡು ನೆರೆಮನೆಗೆ ಹೋಗಬೇಕು. ಬರೆಯುವ ರೂಢಿ ಮುರಿಯುವುದೂ ಹೆಚ್ಚಾಗಿ ಹೀಗೆಯೇ. ಹುಮ್ಮಸ್ಸು ಬಂದ ದಿನ ಕೂತು ನಾಲ್ಕು ಪುಟ ಬರೆಯುತ್ತಾರೆ. ಮನಸ್ಸಿನಲ್ಲಿದ್ದದ್ದೆಲ್ಲ ಖಾಲಿಯಾಗುತ್ತದೆ, ಸಂತೋಷವೂ ಆಗುತ್ತದೆ. ಮರುದಿನ ಕೂತಾಗ ಎದುರಿಗಿರುವುದು ಬಿಳಿ ಹಾಳೆ. ಹೆಪ್ಪಿಗೆ ಏನೂ ಉಳಿದಿಲ್ಲ. ಮೂರನೆಯ ದಿನ ಕೂರುವುದೇ ಇಲ್ಲ.

ಇದಕ್ಕೆ ಒಂದು ಉಪಾಯವಿದೆ, ಅದು ಕನ್ನಡಕ್ಕೆ ಚೆನ್ನಾಗಿ ಒಗ್ಗುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅಲ್ಲಿಯ ತನಕ ಓದುವವನ ಉಸಿರು ಹಿಡಿದೇ ಇರುತ್ತದೆ. ಇದನ್ನೇ ಬಳಸಿಕೊಳ್ಳಿ. ಪ್ರತಿದಿನ ಏಳುವ ಮುಂಚೆ ಒಂದು ವಾಕ್ಯವನ್ನು ಕ್ರಿಯಾಪದ ಹಾಕದೆ ಬಿಟ್ಟುಬಿಡಿ. ‘ಮಳೆ ಹೊಳವಾದ ಮೇಲೆ ಅಂಗಡಿಯವರು ಬಾಗಿಲಿಗೆ ಕಟ್ಟಿದ್ದ ಟಾರ್ಪಾಲನ್ನು’ ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿ. ಮರುದಿನ ಆ ಸಾಲನ್ನು ಓದಿದ ಕೂಡಲೇ ಕೈ ತಾನಾಗಿ ಮುಂದೆ ಹೋಗುತ್ತದೆ: ಬಿಚ್ಚಿದರು, ಕೊಡವಿದರು, ಅಥವಾ ಆಕಾಶ ನೋಡಿ ಹಾಗೇ ಬಿಟ್ಟರು. ಯಾವುದಾದರೂ ಸರಿ, ಬರವಣಿಗೆ ಸುರುವಾಯಿತು. ಅದರ ಪಕ್ಕದಲ್ಲೇ, ಮಾರ್ಜಿನ್‌ನಲ್ಲಿ, ಮುಂದೆ ಏನು ಬರಬೇಕು ಎಂಬುದನ್ನು ಎರಡು ಮೂರು ಪದಗಳಲ್ಲಿ ಗುರುತು ಹಾಕಿ. ‘ಟಾರ್ಪಾಲು, ಆಮೇಲೆ ರಿಕ್ಷಾ ಸ್ಟ್ಯಾಂಡ್’ ಅಂದರೆ ಸಾಕು. ಇದಕ್ಕೆ ಅರ್ಧ ನಿಮಿಷ ಬೇಕು. ಇಷ್ಟು ಹೊತ್ತಿನ ಉಪನ್ಯಾಸದಲ್ಲಿ ನೀವು ಒಂದೇ ಒಂದನ್ನು ಮನೆಗೆ ತೆಗೆದುಕೊಂಡು ಹೋಗುವುದಾದರೆ ಇದನ್ನೇ ತೆಗೆದುಕೊಂಡು ಹೋಗಿ.

ಇನ್ನು, ದಿನಕ್ಕೆ ಎಷ್ಟು? ಇಂಗ್ಲಿಷಿನಲ್ಲಿ ಬರವಣಿಗೆ ಕಲಿಸುವವರು ದಿನಕ್ಕೆ 500 ಪದ, 1000 ಪದ ಎನ್ನುತ್ತಾರೆ. ಆ ಲೆಕ್ಕವನ್ನು ಹಾಗೇ ಎತ್ತಿ ತಂದರೆ ಸೋಲುತ್ತೀರಿ. ‘ಬರಲಾಗುತ್ತಿರಲಿಲ್ಲ’ ಎನ್ನುವುದು ನಮಗೆ ಒಂದು ಪದ. ಅದೇ ಮಾತಿಗೆ ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಕು. ವಿಭಕ್ತಿ, ಕಾಲ, ನಿಷೇಧ ಎಲ್ಲವೂ ನಮ್ಮಲ್ಲಿ ಪದದ ಒಳಗೇ ಕೂರುತ್ತವೆ. ಹಾಗಾಗಿ ಕನ್ನಡದಲ್ಲಿ ದಿನಕ್ಕೆ 200 ಪದ ಬರೆದರೆ ಅದು ಧಾರಾಳ. ಲಾಂಗ್ ಬುಕ್ಕಿನ ಒಂದು ಪುಟದಲ್ಲಿ 25 ಸಾಲು, ಸಾಲಿಗೆ ಆರೇಳು ಪದ ಹಿಡಿದರೆ 150ರಿಂದ 175 ಪದ ಆಗುತ್ತದೆ. ಅಂದರೆ ಗುರಿ ದಿನಕ್ಕೊಂದು ಪುಟ.

ಆದರೆ ಮೊದಲ ದಿನದಿಂದಲೇ ಪುಟಕ್ಕೆ ಹೋಗಬೇಡಿ. ಮೊದಲ ಎರಡು ವಾರ ಐದೇ ವಾಕ್ಯ. ಆಮೇಲೆ ಎರಡು ವಾರ ಹದಿನೈದು ನಿಮಿಷ, ಎಷ್ಟು ಬರುತ್ತದೋ ಅಷ್ಟು. ಎರಡನೆಯ ತಿಂಗಳಿಂದ ಪುಟ. ಕಡಿಮೆ ಪಕ್ಷ ಇಷ್ಟು ಎಂಬ ಮಿತಿ ಇರುವಂತೆ, ಇದಕ್ಕಿಂತ ಹೆಚ್ಚಿಲ್ಲ ಎಂಬ ಮಿತಿಯೂ ಮೊದಲ ತಿಂಗಳು ಬೇಕು: ಎಷ್ಟೇ ಉಮೇದು ಬಂದರೂ ಒಂದು ಪುಟಕ್ಕೆ ನಿಲ್ಲಿಸಿ. ಉಳಿದದ್ದು ನಾಳೆಯ ಹೆಪ್ಪು.

ಒಂದು ಮಂಡಲ ಮಾಡಿದರೆ ರೂಢಿಯಾಗುತ್ತದೆ ಎನ್ನುವ ಮಾತು ನಮ್ಮಲ್ಲಿದೆ. ಮಂಡಲ ಅಂದರೆ 48 ದಿನ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹತ್ತಿರ ಹತ್ತಿರ ಅದನ್ನೇ ಹೇಳುತ್ತದೆ, ಸ್ವಲ್ಪ ಮುಂದಕ್ಕೆ ಎಳೆದು. ಅವರು ನೋಡಿದ್ದು ಬರವಣಿಗೆಯನ್ನಲ್ಲ. ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ವ್ಯಾಯಾಮ ಇಂಥವನ್ನು. ಆ ಕೆಲಸ ಯೋಚಿಸದೆಯೇ ಆಗುವ ಹಂತಕ್ಕೆ ಬರಲು ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನವಾಗಬಹುದೆಂದು ಲೆಕ್ಕ ಬಂತು. ಕೆಲಸ ಕಷ್ಟದ್ದಾದಷ್ಟೂ ದಿನ ಹೆಚ್ಚು. ಅದರಲ್ಲಿ ನಮಗೆ ಬೇಕಾದ ಇನ್ನೊಂದು ಅಂಶವಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿ ಆಗಲಿಲ್ಲ. ಆದ್ದರಿಂದ ತಪ್ಪಿದ ದಿನದ ಪುಟವನ್ನು ಮರುದಿನ ಸೇರಿಸಿ ಎರಡು ಪುಟ ಬರೆಯುವ ಶಿಕ್ಷೆ ಹಾಕಿಕೊಳ್ಳಬೇಡಿ. ಸಾಲ ಬೆಳೆದರೆ ಪುಸ್ತಕ ತೆರೆಯಲೇ ಹೆದರಿಕೆಯಾಗುತ್ತದೆ. ಎರಡು ದಿನ ಸಾಲಾಗಿ ತಪ್ಪಿದರೆ ಮೂರನೆಯ ದಿನ ಒಂದೇ ವಾಕ್ಯ ಬರೆದು ಏಳಿ.

ಹೊತ್ತಿನ ವಿಷಯದಲ್ಲಿ ಒಂದು ಎಚ್ಚರ. ‘ಬೆಳಿಗ್ಗೆ ಬರೆಯುತ್ತೇನೆ’ ಎಂದರೆ ಹೊತ್ತು ಗೊತ್ತುಮಾಡಿದ ಹಾಗಲ್ಲ. ಈಗಾಗಲೇ ತಪ್ಪದೆ ಆಗುವ ಒಂದು ಕೆಲಸದ ಬಾಲಕ್ಕೆ ಕಟ್ಟಿ: ಚಾ ಕುಡಿದು ಲೋಟ ಕೆಳಗಿಟ್ಟ ಕೂಡಲೇ, ಅಥವಾ ಸಂಜೆ ದೇವರಿಗೆ ದೀಪ ಹಚ್ಚಿದ ಕೂಡಲೇ. ಹೀಗೆ ಕಟ್ಟಿದ ರೂಢಿ ಸಾಮಾನ್ಯವಾಗಿ ಜಾರುವುದು ಭಾನುವಾರ. ಬಸ್ಸಿಗೆ ಓಡುವ ಗಡಿಬಿಡಿ ಇಲ್ಲದ ದಿನ ಚಾ ಕೂಡ ಹೊತ್ತಿಗೆ ಆಗುವುದಿಲ್ಲ. ಭಾನುವಾರಕ್ಕೆ ಬೇರೆಯೇ ಗೂಟ ಹುಡುಕಿ. ಮದುವೆ, ಭೂತದ ಕೋಲ, ಜಾತ್ರೆ, ರಾತ್ರಿಯಿಡೀ ಯಕ್ಷಗಾನದ ಆಟ ನೋಡುವ ದಿನಗಳಿಗೆ ಕಿಸೆಯಲ್ಲಿ ಸಣ್ಣ ಪುಸ್ತಕವಿರಲಿ. ಆ ದಿನಗಳ ಪಾಲು ಒಂದು ವಾಕ್ಯ, ಕಂಡದ್ದು, ಕೇಳಿದ್ದು.

ಈಗ ಸಲಕರಣೆಗೆ ಬರೋಣ. ಒಳ್ಳೆಯ ಸಲಕರಣೆ ಅಂದರೆ ಕೂತ ಎರಡು ನಿಮಿಷದೊಳಗೆ ಬರೆಯಲು ಬಿಡುವಂಥದ್ದು. ಪೆನ್ನು ಹುಡುಕಬೇಕು, ಚಾರ್ಜ್ ಇಲ್ಲ, ಪುಟ ಒದ್ದೆ, ಯಾವ ಫೈಲಿನಲ್ಲಿ ಬರೆದಿದ್ದೆ ಗೊತ್ತಿಲ್ಲ ಎಂದಾಗ ಆ ಎರಡು ನಿಮಿಷ ಹೋಯಿತು. ಮತ್ತೆ, ಸಲಕರಣೆ ಊರಿಗೆ ಹೊಂದಬೇಕು. ಒಣ ಊರಿನವರು ಹೊಗಳಿದ ಕಾಗದ, ಶಾಯಿ ನಮ್ಮಲ್ಲಿ ಜುಲೈ ತಿಂಗಳಲ್ಲಿ ಬೇರೆಯೇ ಥರ ವರ್ತಿಸುತ್ತವೆ. ಕಾಗದದ ನಾರು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ. ಉಬ್ಬಿದ ಕಾಗದದಲ್ಲಿ ನೀರಿನಂಶದ ಶಾಯಿ ನಾರುಗಳ ಸಂದಿನಲ್ಲಿ ಹರಡಿ ಅಕ್ಷರದ ಅಂಚಿಗೆ ಮೀಸೆ ಬರುತ್ತದೆ, ಹಿಂದಿನ ಪುಟಕ್ಕೂ ಇಳಿಯುತ್ತದೆ.

ನೋಟ್ ಬುಕ್ ಕೊಳ್ಳುವಾಗ ಹಿಂದಿನ ರಟ್ಟಿನಲ್ಲಿ ಕಾಗದದ ತೂಕ ಬರೆದಿದೆಯೇ ನೋಡಿ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಶಾಲೆಯ ಪುಸ್ತಕಗಳು ಹೆಚ್ಚಾಗಿ 60ರ ಒಳಗೆ ಇರುತ್ತವೆ; ಅವುಗಳಲ್ಲಿ ಬಾಲ್ ಪೆನ್ ಚೆನ್ನಾಗಿ ನಡೆಯುತ್ತದೆ, ಶಾಯಿ ಪೆನ್ನು ಮಳೆಗಾಲದಲ್ಲಿ ನಡೆಯುವುದಿಲ್ಲ. ಶಾಯಿ ಪೆನ್ನೇ ಬೇಕೆನ್ನುವವರು 80ಕ್ಕೆ ಕಡಿಮೆ ಇರುವುದನ್ನು ಕೊಳ್ಳಬೇಡಿ. ಜೆಲ್ ಪೆನ್ನಿಗೆ 70 ಸಾಕು.

ತೂಕಕ್ಕಿಂತಲೂ ಕನ್ನಡದವರು ಗಮನಿಸಬೇಕಾದ್ದು ಗೆರೆಗಳ ನಡುವಿನ ಅಂತರ. ನಮಗೆ ತಲೆಕಟ್ಟು, ಗುಡಿಸು ಮೇಲೆ ಬೇಕು, ಒತ್ತಕ್ಷರ ಕೆಳಗೆ ಬೇಕು. ‘ರಾಷ್ಟ್ರ’, ‘ಸ್ತ್ರೀ’ ಬರೆಯುವಾಗ ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುತ್ತದೆ. ಆರು ಮಿಲಿಮೀಟರ್ ಅಂತರದ ಗೆರೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ತಿಂಗಳು ಕಳೆದ ಮೇಲೆ ನಿಮ್ಮ ಬರಹ ನಿಮಗೇ ಓದಲಾಗದು. ಎಂಟು ಮಿಲಿಮೀಟರ್ ಇರಲಿ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಸ್ಕೇಲ್ ಇಟ್ಟು ನೋಡಿ, ನಾಚಿಕೆ ಬೇಡ. ಮೊದಲ ಕರಡಿಗೆ ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಯಿರಿ. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ವಾಕ್ಯದ ನಡುವೆ ಮನಸ್ಸು ಬದಲಾದರೆ ತಿದ್ದುವುದು ಬಹಳ; ತಿದ್ದಲು ಜಾಗವಿಲ್ಲದಿದ್ದರೆ ಹಾಳೆ ಹರಿಯುವ ಚಟ ಹತ್ತುತ್ತದೆ. ಹೀಗೆ ಬರೆದರೆ ದಿನದ ಪಾಲು ಎರಡು ಪುಟದಲ್ಲಿ ಹರಡಿಕೊಳ್ಳುತ್ತದೆ, ಹರಡಲಿ. 200 ಪುಟದ ಒಂದು ಪುಸ್ತಕ ಮೂರು ತಿಂಗಳಿಗೆ ಬರುತ್ತದೆ.

ಪೆನ್ನಿನ ತುದಿ ಸಪುರ ಇರಬೇಕು. ಮಹಾಪ್ರಾಣದ ಗೀಟು, ಹೊಟ್ಟೆ ಸೀಳಿದ ಷ, ಠ ನಡುವಿನ ಚುಕ್ಕೆ, ಇವೆಲ್ಲ 1.0 ಮಿಲಿಮೀಟರ್ ತುದಿಯಲ್ಲಿ ತುಂಬಿಹೋಗುತ್ತವೆ. ಬಾಲ್ ಪೆನ್ನಾದರೆ 0.7, ಜೆಲ್ ಆದರೆ 0.5, ನಿಬ್ಬಾದರೆ ‘ಫೈನ್’ ಎನ್ನುವ ಸಪುರದ್ದು. ಆಮೇಲೆ ಒತ್ತಡದ ಮಾತು. ಬಾಲ್ ಪೆನ್ನಿನ ಶಾಯಿ ಎಣ್ಣೆಯಂತೆ ಮಂದ, ಗುಂಡು ತಿರುಗಿಸಲು ಒತ್ತಬೇಕು. ಎರಡು ಪುಟದ ಹೊತ್ತಿಗೆ ಹೆಬ್ಬೆರಳಿನ ಬುಡ ನೋಯುತ್ತದೆ. ಜೆಲ್‌ಗೆ ಅಷ್ಟು ಒತ್ತು ಬೇಡ. ಆದರೆ ಜೆಲ್ ರಿಫಿಲ್ ಬೇಗ ಮುಗಿಯುತ್ತದೆ, ತೇವದ ಹವೆಯಲ್ಲಿ ನಿಧಾನ ಒಣಗುತ್ತದೆ, ಕೈ ತಾಗಿದರೆ ಹರಡುತ್ತದೆ. ಎರಡು ರಿಫಿಲ್ ಯಾವಾಗಲೂ ಡ್ರಾವರಿನಲ್ಲಿರಲಿ.

ಬಾಲ್ ಪೆನ್ನಿನ ಆ ಎಣ್ಣೆಗುಣವೇ ಮಳೆಗಾಲದಲ್ಲಿ ಅದರ ದೊಡ್ಡ ಉಪಕಾರ. ಎಣ್ಣೆಗೂ ನೀರಿಗೂ ಕೂಡಿಬರುವುದಿಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು ಇದೇ ತತ್ತ್ವದ ಮೇಲೆ. ಕಲ್ಲಿನ ಮೇಲೆ ಜಿಡ್ಡಿನ ಶಾಯಿಯ ಅಕ್ಷರ, ಉಳಿದ ಜಾಗವೆಲ್ಲ ಒದ್ದೆ. ಅಚ್ಚಿನ ಮಸಿ ಒದ್ದೆಯನ್ನು ಬಿಟ್ಟು ಅಕ್ಷರಕ್ಕಷ್ಟೇ ಹಿಡಿಯುತ್ತದೆ. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ ಆ ತತ್ತ್ವವೇ ನಿಮ್ಮ ಬ್ಯಾಗಿನೊಳಗೆ ನೀರು ಹೋದಾಗ ಬಾಲ್ ಪೆನ್ನಿನ ಬರಹವನ್ನು ಕಾಯುತ್ತದೆ. ಬಾಲ್ ಪೆನ್ನಿಗೆ ಒಂದು ತೊಂದರೆಯೂ ಇದೆ. ಅಂಗೈಯ ಬೆವರು, ತಲೆಗೆ ಹಚ್ಚಿದ ತೆಂಗಿನೆಣ್ಣೆಯ ಪಸೆ ಪುಟದ ಕೆಳಭಾಗಕ್ಕೆ ಹತ್ತಿ, ಅಲ್ಲಿಗೆ ಬಂದಾಗ ಪೆನ್ನು ಬಿಟ್ಟುಬಿಟ್ಟು ಬರೆಯುತ್ತದೆ. ಜನ ಪೆನ್ನಿಗೆ ಬೈಯುತ್ತಾರೆ, ತಪ್ಪು ಪುಟದ್ದು. ಬರೆಯುವ ಕೈಯ ಅಡಿಗೆ ಒಂದು ಮಡಚಿದ ಹಾಳೆ ಇಟ್ಟುಕೊಳ್ಳಿ, ನಮ್ಮ ಸೆಕೆಗೆ ಇದು ವರ್ಷವಿಡೀ ಬೇಕು.

ಯಾವ ಪೆನ್ನು ನೀರಿಗೆ ತಡೆಯುತ್ತದೆ ಎಂದು ನಂಬಿಕೆಯ ಮೇಲೆ ಹೋಗಬೇಡಿ. ಒಂದು ಸಾಲು ಬರೆದು ಹತ್ತು ನಿಮಿಷ ಒಣಗಲು ಬಿಡಿ, ಒಂದು ಹನಿ ನೀರು ಬಿಟ್ಟು ಒಂದು ನಿಮಿಷದ ನಂತರ ಬಟ್ಟೆಯಿಂದ ಒತ್ತಿ ತೆಗೆಯಿರಿ. ಜೆಲ್ ಪೆನ್ನುಗಳಲ್ಲೇ ಕೆಲವು ನಿಲ್ಲುತ್ತವೆ, ಕೆಲವು ಹರಿದುಹೋಗುತ್ತವೆ. ಶಾಯಿ ಪೆನ್ನಿನ ಸಾಮಾನ್ಯ ನೀಲಿ ಶಾಯಿ ನಿಲ್ಲುವುದಿಲ್ಲ. ಪೆನ್ಸಿಲ್ ಬರಹ ನೀರಿಗೂ ಹೋಗುವುದಿಲ್ಲ, ಬೆಳಕಿಗೂ ಮಾಸುವುದಿಲ್ಲ. ಉಜ್ಜಿದರೆ ಮಾತ್ರ ಮಸುಕಾಗುತ್ತದೆ. ಕಿಸೆಪುಸ್ತಕಕ್ಕೆ ಎಚ್‌ಬಿ ಪೆನ್ಸಿಲ್‌ಗಿಂತ ಒಳ್ಳೆಯದಿಲ್ಲ.

ಶಾಯಿ ಪೆನ್ನಿನ ಪ್ರೀತಿಯುಳ್ಳವರಿಗೆ ಮೂರು ಮಾತು. ಡ್ರಾಯಿಂಗಿಗೆ ಬಳಸುವ ಇಂಡಿಯನ್ ಇಂಕನ್ನು ಅದರೊಳಗೆ ಹಾಕಬೇಡಿ, ಅದರ ಅರಗು ಒಣಗಿ ನಿಬ್ಬಿನ ಅಡಿಯ ನಾಲಗೆಯನ್ನು ಕಟ್ಟಿಬಿಡುತ್ತದೆ. ತಿಂಗಳಿಗೊಮ್ಮೆ ತಣ್ಣೀರಿನಲ್ಲಿ, ಬಣ್ಣ ಬರುವುದು ನಿಲ್ಲುವ ತನಕ ತೊಳೆಯಿರಿ, ಬಿಸಿನೀರು ಬೇಡ. ಶಾಯಿ ಕಾಲು ಭಾಗಕ್ಕೆ ಇಳಿದಾಗ ತುಂಬಿಸಿ. ಪೆನ್ನು ಖಾಲಿಯಾದಷ್ಟೂ ಒಳಗೆ ಗಾಳಿ ಹೆಚ್ಚು, ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ಹೊರಗೆ ತಳ್ಳುತ್ತದೆ. ಪುಟದ ನಡುವೆ ತೊಟ್ಟಿಕ್ಕುವುದು ಅದರಿಂದ.

ಕಂಪ್ಯೂಟರಿನಲ್ಲಿ ಬರೆಯುವವರು ಮೊದಲು ಕೀಲಿಮಣೆಯ ವಿನ್ಯಾಸ ಒಂದನ್ನು ಗೊತ್ತುಮಾಡಿಕೊಂಡು ಅದಕ್ಕೇ ನಿಲ್ಲಬೇಕು. ಸರಕಾರ ಒಪ್ಪಿದ, ನುಡಿ ತಂತ್ರಾಂಶದಲ್ಲಿರುವ ವಿನ್ಯಾಸದ ಮೂಲ ಕೆ.ಪಿ. ರಾವ್ ಅವರದು. ಅವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ತಮ್ಮ ತಂತ್ರಾಂಶಕ್ಕೆ ನಮ್ಮ ಕರಾವಳಿಯ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ ಸೇಡಿಯಾಪು ಎಂದೇ ಹೆಸರಿಟ್ಟರು. ಅದರಲ್ಲಿ ಅಲ್ಪಪ್ರಾಣ ನೇರ, ಮಹಾಪ್ರಾಣಕ್ಕೆ ಶಿಫ್ಟ್, ಒತ್ತಿಗೆ ಎಫ್ ಕೀಲಿ. ‘ಅಕ್ಕ’ ಬೇಕಾದರೆ ಎ, ಕೆ, ಎಫ್, ಕೆ. ಬೆರಳಿಗೆ ಕನ್ನಡದ ವ್ಯಾಕರಣವೇ ಕೂರುತ್ತದೆ, ಆದ್ದರಿಂದ ಕಲಿಯುವವರಿಗೆ ನಾನು ಇದನ್ನೇ ಹೇಳುವುದು. ವಿಂಡೋಸ್‌ನಲ್ಲಿ ಮೊದಲೇ ಇರುವ ಇನ್‌ಸ್ಕ್ರಿಪ್ಟ್ ಕೂಡ ಒಳ್ಳೆಯದೇ: ಸ್ವರ ಎಡಗೈಗೆ, ವ್ಯಂಜನ ಬಲಗೈಗೆ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಕ್ರಮ ಸುಲಭ, ಆದರೆ ಅದು ಪ್ರತಿ ಪದಕ್ಕೂ ನಾಲ್ಕು ಆಯ್ಕೆ ತೋರಿಸಿ ಕಣ್ಣನ್ನು ಎಳೆಯುತ್ತದೆ. ದೀರ್ಘ ಬರಹದಲ್ಲಿ ಓಟ ಕಡಿಯುತ್ತದೆ. ಹೊಸ ವಿನ್ಯಾಸ ಕಲಿಯುವಾಗ ಕರಡನ್ನು ಅದರಲ್ಲಿ ಬರೆಯಬೇಡಿ. ಕೈಯಲ್ಲಿ ಬರೆದದ್ದನ್ನು ನಕಲು ಮಾಡಿ ದಿನಕ್ಕೆ ಇಪ್ಪತ್ತು ನಿಮಿಷ ಕಲಿಯಿರಿ.

ಏನೇ ಬಳಸಿ, ಫೈಲು ಯೂನಿಕೋಡ್‌ನಲ್ಲಿರಲಿ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತವಿರುವ ಕ್ರಮದಲ್ಲಿ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಿವೆ, ಎಲ್ಲಿ ತೆರೆದರೂ ಕನ್ನಡವೇ. ಸಾಮಾನ್ಯವಾಗಿ ಉಳಿಸುವ ಕ್ರಮದಲ್ಲಿ ಒಂದು ಸಂಕೇತಕ್ಕೆ 3 ಬೈಟ್ ಬೇಕು. ದಿನಕ್ಕೆ 200 ಪದದಂತೆ ಒಂದು ವರ್ಷ ಬರೆದದ್ದೆಲ್ಲ ಬರಿಯ ಪಠ್ಯವಾಗಿ ಸುಮಾರು ಎರಡು ಎಂಬಿ, ಫೋನಿನಲ್ಲಿ ತೆಗೆದ ಒಂದು ಫೋಟೊದಷ್ಟು. ಹಾಗಿರುವಾಗ ಪ್ರತಿ ತೆಗೆದಿಡದೆ ಕಳೆದುಕೊಂಡರೆ ಜಾಗ ಸಾಲಲಿಲ್ಲ ಎನ್ನುವ ಹಾಗಿಲ್ಲ. ಮೂರು ಪ್ರತಿ ಇರಲಿ: ಕಂಪ್ಯೂಟರಿನಲ್ಲಿ ಒಂದು, ಪೆನ್ ಡ್ರೈವಿನಲ್ಲಿ ಒಂದು, ಮನೆಯ ಹೊರಗೆ, ಅಂದರೆ ಇಮೇಲ್ ಅಥವಾ ಕ್ಲೌಡ್‌ನಲ್ಲಿ ಒಂದು. ಫೈಲಿನ ಹೆಸರನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಅಂಕೆಗಳಲ್ಲಿ ಸುರುಮಾಡಿದರೆ ಎಲ್ಲವೂ ತಾವಾಗಿ ಸಾಲಾಗಿ ನಿಲ್ಲುತ್ತವೆ. ಕೈಬರಹದವರು ಶನಿವಾರಕ್ಕೊಮ್ಮೆ ಆ ವಾರದ ಪುಟಗಳ ಫೋಟೊ ತೆಗೆದಿಡಿ.

ನನ್ನ ಅಭಿಪ್ರಾಯ ಕೇಳಿದರೆ: ಕರಡು ಕೈಯಲ್ಲಿ, ಎರಡನೆಯ ರೂಪ ಕೀಲಿಮಣೆಯಲ್ಲಿ. ನಕಲು ಮಾಡುವಾಗ ಪ್ರತಿ ವಾಕ್ಯವನ್ನು ಬಾಯಿಬಿಟ್ಟು ಓದಿ. ನಾಲಗೆ ಎಡವಿದ ಕಡೆ ವಾಕ್ಯ ಸರಿಯಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೂ ಈ ಕ್ರಮದಲ್ಲಿ ದಿನದ ಪಾಲು ನಿಲ್ಲುವುದಿಲ್ಲ.

ಬಿಡುವಿನ ಬಗ್ಗೆ ಕೂಡ ಯೋಚಿಸಿರಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆಗೆ ನಿಷೇಧವಿರುವುದರಿಂದ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ದಿನಗಳಲ್ಲಿ ದೋಣಿ ನಿಲ್ಲುವ ದಕ್ಕೆಯಲ್ಲಿ ಬಲೆ ರಿಪೇರಿ, ದೋಣಿಗೆ ಬಣ್ಣ, ಇಂಜಿನ್ ಕೆಲಸ. ಬರೆಯುವವರೂ ವರ್ಷದಲ್ಲಿ ಕೆಲವು ವಾರ ಹೊಸದನ್ನು ಬರೆಯುವುದನ್ನು ನಿಲ್ಲಿಸಬಹುದು. ಆದರೆ ನಿಲ್ಲಿಸುವ ದಿನವೇ ಸುರುಮಾಡುವ ತಾರೀಕನ್ನೂ ಪುಸ್ತಕದಲ್ಲಿ ಬರೆಯಿರಿ, ನಡುವೆ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕೂತು ಹಳೆಯದನ್ನು ತಿದ್ದಿ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದ್ದಾರೆ: ಮನೆಯ ಮಾತು ತುಳು, ಬರೆಯುವುದು ಕನ್ನಡ, ನಡುನಡುವೆ ಪದ ಸಿಗದೆ ನಿಂತುಹೋಗುತ್ತದೆ, ಏನು ಮಾಡಲಿ? ಕೊಂಕಣಿ, ಬ್ಯಾರಿ ಮಾತಾಡುವವರದ್ದೂ ಇದೇ ಪ್ರಶ್ನೆ. ಕರಡಿನಲ್ಲಿ ನಿಲ್ಲಬೇಡಿ. ಬಂದ ತುಳು ಪದವನ್ನೇ ಬರೆದು ಅಡಿಗೆರೆ ಎಳೆದು ಮುಂದೆ ಹೋಗಿ. ತಿದ್ದುವಾಗ ನೋಡಿ. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ತಂದ ಆರು ಸಂಪುಟಗಳ ತುಳು ನಿಘಂಟು ಇದೇ ಊರಿನದ್ದು. ಪದದ ಪಕ್ಕದಲ್ಲಿ ಕನ್ನಡ ಅರ್ಥವಿದೆ. ಹುಡುಕಿದ ಮೇಲೂ ತುಳು ಪದವೇ ಸರಿ ಅನ್ನಿಸಿದರೆ ಅದನ್ನೇ ಇಡಿ.

ಇನ್ನೊಬ್ಬರು: ಮಾತಾಡಿದ್ದನ್ನು ಅಕ್ಷರ ಮಾಡುವ ಸೌಲಭ್ಯ ಬಳಸಬಹುದೇ? ಕೈನೋವಿರುವವರು, ಕಣ್ಣು ಮಂಜಾದವರು ಖಂಡಿತ ಬಳಸಿ. ಒಂದು ಸಲಕ್ಕೆ ಎರಡು ಮೂರು ವಾಕ್ಯ ಹೇಳಿ ನಿಲ್ಲಿಸಿ ನೋಡಿಕೊಳ್ಳಿ. ವಿರಾಮಚಿಹ್ನೆಗಳನ್ನು ಆಮೇಲೆ ಕೈಯಿಂದ ಹಾಕಬೇಕಾಗುತ್ತದೆ, ಊರಿನ ಹೆಸರುಗಳು ತಪ್ಪಾಗಿ ಬರುತ್ತವೆ. ಆ ದಿನವೇ ತಿದ್ದದಿದ್ದರೆ ವಾರದ ಮೇಲೆ ಏನು ಹೇಳಿದ್ದಿರೆಂದು ನಿಮಗೇ ತಿಳಿಯದು.

ಪುಸ್ತಕಗಳಿಗೆ ಬೂಸ್ಟು ಹಿಡಿಯುತ್ತದೆ ಎಂದು ಹಲವರು ಹೇಳಿದ್ದೀರಿ. ಹೊರಗೋಡೆಗೆ ತಾಗಿಸಿ ಇಡಬೇಡಿ, ಮೂರು ಇಂಚು ಸಂದು ಬಿಡಿ. ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ ಇಡಿ, ವಾರಕ್ಕೊಮ್ಮೆ ಪುಟ ಬಿಡಿಸಿ ಫ್ಯಾನಿನ ಗಾಳಿಗೆ ಇಡಿ. ಬೇವಿನ ಎಲೆ ಹಾಕುವವರು ಪೂರ್ತಿ ಒಣಗಿದ್ದನ್ನೇ ಹಾಕಿ, ಹಸಿ ಎಲೆಯಿಂದ ತೇವ ಹೆಚ್ಚುತ್ತದೆ.

ಪುಸ್ತಕ ನೆನೆದೇ ಹೋದರೆ? ಅಂಟಿದ ಪುಟಗಳನ್ನು ಎಳೆಯಬೇಡಿ, ಒದ್ದೆ ಕಾಗದ ಹರಿಯುತ್ತದೆ. ಮೊದಲು ಬಟ್ಟೆಯಿಂದ ಮೇಲಿನ ನೀರು ಒತ್ತಿ ತೆಗೆದು, ಪುಸ್ತಕವನ್ನು ನಿಲ್ಲಿಸಿ ಫ್ಯಾನು ಹಾಕಿ. ಪುಟಗಳು ತಾವಾಗಿ ಬಿಡಲು ಸುರುವಾದ ಮೇಲೆ ಹತ್ತಿಪ್ಪತ್ತು ಪುಟಕ್ಕೊಂದರಂತೆ ಅಚ್ಚಿಲ್ಲದ ಬಿಳಿ ಕಾಗದ ಸೇರಿಸಿ, ಅದು ಒದ್ದೆಯಾದಂತೆ ಬದಲಿಸುತ್ತಿರಿ. ಪೇಪರಿನ ಹಾಳೆ ಬೇಡ, ಅದರ ಮಸಿ ಹತ್ತುತ್ತದೆ. ಬಿಸಿಲಿಗೂ ಒಲೆಯ ಹತ್ತಿರಕ್ಕೂ ಬೇಡ. ಎರಡು ದಿನದೊಳಗೆ ಒಣಗದಿದ್ದರೆ ಬೂಸ್ಟು ಏಳುತ್ತದೆ. ಅಷ್ಟರಲ್ಲಿ ಆಗದು ಎಂದು ಕಂಡರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಫ್ರೀಜರಿನಲ್ಲಿಡಿ, ಬಿಡುವಾದಾಗ ತೆಗೆದು ಒಣಗಿಸಿ. ಒಣಗಿದ ಮೇಲೆ ಹಾಳೆ ಸುಕ್ಕುಸುಕ್ಕಾಗಿಯೇ ಇರುತ್ತದೆ. ಬಾಲ್ ಪೆನ್ನಿನಲ್ಲಿ ಬರೆದಿದ್ದರೆ ಓದಲು ಅಡ್ಡಿಯಿಲ್ಲ, ನಿಲ್ಲಿಸಿದ ವಾಕ್ಯದಿಂದ ಮುಂದುವರಿಸಬಹುದು.